ಮೇಡಂ, ಇವೆರಡೂ ಹಂದಿನಾ?

ನಾನು ಕೆಲಸ ಮಾಡುವುದು ಬೆಂಗಳೂರಿನ ಒಂದು ಚಿಕ್ಕ ಮ್ಯೂಸಿಯಂನಲ್ಲಿ. ವೀರಗಲ್ಲು, ಶಾಸನ, ಮಡಕೆ ಚೂರು, ಇಷ್ಟೇ ನಮ್ಮ ಆಸ್ತಿ. ಅಂಗವಿಕಲರೂ ಆರಾಮಾಗಿ ನೋಡುವಂತೆ ಮಾಡೋಣ ಅಂತ ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದು ರ‍್ಯಾಂಪ್ ಒಂದೇ.

ಅದೂ ಮೊದಲ ಸಲ ಕೆಟ್ಟಿತು. ಬಾಗಿಲಿಗೆ ಮೂರು ಮೆಟ್ಟಿಲು, ಒಟ್ಟು ಒಂದೂವರೆ ಅಡಿ ಎತ್ತರ. ಒಂದು ಅಡಿ ಏರಲು 12 ಅಡಿ ಉದ್ದ ಬೇಕು, ಅಂದರೆ ನಮಗೆ 18 ಅಡಿ. ಮೇಸ್ತ್ರಿ 8 ಅಡಿಯಲ್ಲೇ ಮುಗಿಸಿಬಿಟ್ಟಿದ್ದರು. ನಾನೇ ವೀಲ್‌ಚೇರಿನಲ್ಲಿ ಕೂತು ಹತ್ತಿ ನೋಡಿದೆ. ಅರ್ಧದಲ್ಲೇ ಹಿಂದಕ್ಕೆ ಜಾರಿದೆ, ಸೆಕ್ಯುರಿಟಿಯವರು ಹಿಡಿದುಕೊಂಡರು. ಒಡೆಸಿ, ಮಧ್ಯೆ ತಿರುವು ಕೊಟ್ಟು ಮತ್ತೆ ಕಟ್ಟಿಸಿದೆವು.

ಕಿವಿ ಕೇಳದವರ ಬಗ್ಗೆ ಯೋಚನೆಯೇ ಮಾಡಿರಲಿಲ್ಲ. ಬೋರ್ಡ್ ಇದೆಯಲ್ಲ, ಓದಿಕೊಳ್ಳುತ್ತಾರೆ ಬಿಡಿ ಅಂದುಕೊಂಡಿದ್ದೆ. ಒಂದು ದಿನ ಕಿವುಡ ಯುವಕರ ಗುಂಪೊಂದು ಬಂತು. ಬೋರ್ಡಿನ ಮುಂದೆ ಎರಡು ಸೆಕೆಂಡ್ ನಿಂತು ಮುಂದೆ ಹೋಗುತ್ತಿದ್ದರು. ಹುಟ್ಟಿನಿಂದ ಕೇಳದ ಹಲವರಿಗೆ ಸನ್ನೆ ಭಾಷೆಯೇ ಮೊದಲ ಭಾಷೆ, ಅದಕ್ಕೆ ಅದರದ್ದೇ ವ್ಯಾಕರಣ. ಕನ್ನಡ ಅವರಿಗೆ ಕಿವಿಗೆ ಬೀಳದೆ, ಬರೀ ಅಕ್ಷರದಲ್ಲಿ ಕಲಿತ ಭಾಷೆ. ನಮ್ಮ ಬೋರ್ಡಿನಲ್ಲೋ, 'ಗಂಗರ ಕಾಲದ ತುರುಗೊಳ್ ವೀರಗಲ್ಲು'! ಕಿವಿ ಕೇಳುವ ನಮ್ಮಮ್ಮನಿಗೂ ಅದು ಅರ್ಥವಾಗಲ್ಲ. ಈಗ ಹೀಗಿದೆ: 'ದನ ಕದಿಯಲು ಕಳ್ಳರು ಬಂದರು. ಈತ ಅಡ್ಡ ನಿಂತ. ಸತ್ತ. ಊರವರು ಈ ಕಲ್ಲು ನಿಲ್ಲಿಸಿದರು.'

ವೀರಗಲ್ಲು ಅನ್ನುವುದಕ್ಕೆ ಸನ್ನೆ ನಮ್ಮ ದುಭಾಷಿಗೂ ಗೊತ್ತಿರಲಿಲ್ಲ. ಬೆರಳಲ್ಲಿ ಅಕ್ಷರ ಕೂಡಿಸುತ್ತಿದ್ದರು. ಗುಂಪಿನ ಹುಡುಗನೊಬ್ಬ ಕಲ್ಲನ್ನೇ ನೋಡುತ್ತಾ ನಿಂತ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಅವನು ಅಂಗೈಯನ್ನು ಅಡ್ಡ ಹಿಡಿದು ಮೂರು ಹಂತ ಏರಿಸಿದ. ಮೊದಲನೆಯದರಲ್ಲಿ ಕತ್ತಿ ಬೀಸಿದ, ಕೊನೆಯದರಲ್ಲಿ ಕೈ ಮುಗಿದ. ನಮ್ಮ ಸನ್ನೆ ಭಾಷೆಯ ವಿಡಿಯೋದಲ್ಲೂ ಈಗ ಅದೇ ಸನ್ನೆ.

ಇನ್ನೊಂದು ಪಾಠ ನಮ್ಮ ಗೈಡಿಗೆ. ಕಲ್ಲಿನ ಕಡೆ ತಿರುಗಿ ಮಾತಾಡಿದರೆ ತುಟಿ ಓದುವವರಿಗೆ ಕಾಣುವುದು ಬೆನ್ನು ಮಾತ್ರ. ದುಭಾಷಿಯ ಕೈಯನ್ನೂ ಕಲ್ಲನ್ನೂ ಒಟ್ಟಿಗೆ ನೋಡಲು ಆಗಲ್ಲ, ಅಲ್ವಾ? ಹೇಳಿ ಮುಗಿಸಿ, ಅವರು ಕಲ್ಲು ನೋಡುವವರೆಗೆ ಸುಮ್ನೆ ನಿಲ್ಲಬೇಕು. ಗೈಡಿಗೆ ಅದೇ ಕಷ್ಟ!

ಕಣ್ಣು ಕಾಣದವರಿಗೆ ಮುಟ್ಟಲು ಒಂದು ಮಾದರಿ ಮಾಡಿಸಿದೆವು. ಆಯ್ದದ್ದು ಆತಕೂರು ಶಾಸನ. ಮೂಲ ಕಲ್ಲು ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ, ಕ್ರಿ.ಶ. 949ರ ಸುಮಾರಿನದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಒಡೆಯ ಮಣಲೆರ ನಾಯಿಗೆ ಕಲ್ಲು ನಿಲ್ಲಿಸಿದ. ಮಾದರಿ ಅಂಗೈ ಅಗಲ ಇತ್ತು, ನೋಡಲು ಬಲು ಚೆಂದ. ಮೊದಲು ಮುಟ್ಟಿದವರು ಎರಡು ಸಲ ಬೆರಳಾಡಿಸಿ ಕೇಳಿದರು: "ಮೇಡಂ, ಇವೆರಡೂ ಹಂದಿನಾ?"

ಎರಡನೆಯದನ್ನು ಎರಡಡಿ ಅಗಲ ಮಾಡಿಸಿದೆವು, ಉಬ್ಬು ಜಾಸ್ತಿ. ಪಕ್ಕದಲ್ಲಿ ಕನ್ನಡ ಬ್ರೈಲ್ ಫಲಕ. ವೀಲ್‌ಚೇರಿನವರ ಮಂಡಿ ಒಳಗೆ ಹೋಗುವಂತೆ ಮೇಜಿನ ಕೆಳಗೆ ಜಾಗ ಖಾಲಿ ಬಿಟ್ಟೆವು. ಅವರೇ ಮತ್ತೆ ಬಂದರು. "ಬಾಲ ಸಿಕ್ತು!" ಅಂದರು.

ಸ್ಕೂಲ್ ಮಕ್ಕಳೂ ಈಗ ಅದನ್ನು ಮುಟ್ಟದೆ ಹೋಗುವುದಿಲ್ಲ. ಕಾಳಿಯ ಮೂಗು ಆಗಲೇ ಸವೆದಿದೆ. ಮುಂದಿನ ತಿಂಗಳು ಸರಿ ಮಾಡಿಸಬೇಕು.