ಹತ್ತಾರು ಬ್ರಾಂಚ್‌ಗಳಿಗೆ ಒಂದೇ ಟೆಂಪ್ಲೇಟ್: ನನ್ನ ಅನುಭವ

ನಾನು ನೋಡಿಕೊಳ್ಳುವ ಸಂಸ್ಥೆಗೆ ಉತ್ತರ ಕರ್ನಾಟಕದಲ್ಲಿ ಹತ್ತಾರು ಬ್ರಾಂಚ್‌ಗಳಿವೆ. ಎಲ್ಲ ಕಡೆ ಸಿಸ್ಕೋ ರೂಟರ್. ಮೊದಲೆಲ್ಲ ಒಂದೊಂದಕ್ಕೂ ಲಾಗಿನ್ ಆಗಿ ಸೆಟ್ಟಿಂಗ್ ಬದಲಿಸುತ್ತಿದ್ದೆವು. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆದೇಶ ಬಂತು. ಗಡಿಯಾರವನ್ನು ಎನ್‌ಐಸಿ (ಸರ್ಕಾರದ ಮಾಹಿತಿ ತಂತ್ರಜ್ಞಾನ ಕೇಂದ್ರ) ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸರ್ವರ್‌ಗೆ ಹೊಂದಿಸಬೇಕು, ಲಾಗ್ (ಯಾವಾಗ ಏನಾಯಿತು ಎಂಬ ದಾಖಲೆ) 180 ದಿನ ಇಟ್ಟುಕೊಳ್ಳಬೇಕು. ರೂಟರ್‌ನಲ್ಲಿ ಕೆಲವೇ ಸಾಲಿನ ಕೆಲಸ, ಆದರೆ ಪ್ರತಿ ಬ್ರಾಂಚ್‌ನಲ್ಲೂ ಆಗಬೇಕು. ಆಗಲೇ ಆನ್ಸಿಬಲ್ (ಹಲವು ರೂಟರ್‌ಗಳಿಗೆ ಒಟ್ಟಿಗೆ ಸೆಟ್ಟಿಂಗ್ ಕಳಿಸುವ ಸಾಫ್ಟ್‌ವೇರ್) ಮತ್ತು ಜಿಂಜಾ ಟೆಂಪ್ಲೇಟ್ (ಖಾಲಿ ಜಾಗಗಳಿರುವ ಮಾದರಿ ಸೆಟ್ಟಿಂಗ್ ಫೈಲ್) ಹಿಡಿದು ಕೂತೆ.

ಟೆಂಪ್ಲೇಟ್ ಬರೆಯುವುದು ಸುಲಭ. ಅದಕ್ಕೂ ಮೊದಲು ಐಪಿ ವಿಳಾಸಗಳ ಲೆಕ್ಕ ಸರಿಯಾಗಬೇಕು. ಪ್ರತಿ ಬ್ರಾಂಚ್‌ಗೆ ಒಂದು ನಂಬರ್ ಕೊಟ್ಟೆ. 14ನೇ ಬ್ರಾಂಚ್ ಅಂದರೆ ಆಫೀಸ್ ಕಂಪ್ಯೂಟರ್‌ಗಳಿಗೆ 10.14.10.0, ಸಿಸಿಟಿವಿಗೆ 10.14.20.0, ಗೆಸ್ಟ್ ವೈಫೈಗೆ 10.14.30.0. ಮೂರನೇ ಸಂಖ್ಯೆಯೇ ವಿಎಲ್ಯಾನ್ (ಒಂದೇ ನೆಟ್‌ವರ್ಕ್ ಒಳಗೆ ಮಾಡಿದ ಪ್ರತ್ಯೇಕ ಭಾಗ) ನಂಬರ್. ಹೀಗಾದ ಮೇಲೆ ಬ್ರಾಂಚ್‌ನ ಫೈಲ್‌ನಲ್ಲಿ ಅದರ ನಂಬರ್, ಹೆಸರು, ಇಂಟರ್ನೆಟ್ ಲೈನ್ ವಿವರ ಇದ್ದರೆ ಸಾಕು. ಉಳಿದದ್ದನ್ನು ಟೆಂಪ್ಲೇಟ್ ತಾನೇ ತುಂಬಿಕೊಳ್ಳುತ್ತದೆ. ಹಳೇ ಐಪಿ ಬದಲಿಸಲು ಮಾತ್ರ ರಜೆ ದಿನಗಳೇ ಬೇಕಾದವು. ಪ್ರಿಂಟರ್, ಸಿಸಿಟಿವಿ ದೃಶ್ಯ ಉಳಿಸುವ ಡಿವಿಆರ್‌ಗಳಿಗೆಲ್ಲ ಕೈಯಾರೆ ಐಪಿ ಹಾಕಿದ್ದರು. ಕೆಲವು ಡಿವಿಆರ್‌ಗಳ ಪಾಸ್‌ವರ್ಡ್ ಅದನ್ನು ಕೂರಿಸಿದವರಿಗೆ ಮಾತ್ರ ಗೊತ್ತಿತ್ತು.

'ನಮ್ಮ ಬ್ರಾಂಚ್‌ಗೆ ಇದೊಂದು ಬೇರೆ ಇರಲಿ ಸರ್' ಎಂಬ ಮಾತು ಎಲ್ಲ ಕಡೆ ಬರುತ್ತದೆ. ಕೇಳಿದ್ದಕ್ಕೆಲ್ಲ ಟೆಂಪ್ಲೇಟ್‌ನಲ್ಲಿ ಒಂದೊಂದು 'ಇಫ್' (ಹೀಗಿದ್ದರೆ ಹೀಗೆ ಎಂಬ ಷರತ್ತು) ಸೇರಿಸಿದರೆ ಅದನ್ನು ಆಮೇಲೆ ಯಾರೂ ಓದಲಾರರು. ಇಂಟರ್ನೆಟ್ ಲೈನ್‌ಗೆ ಕೆಲವು ಕಡೆ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವುದು), ಕೆಲವು ಕಡೆ ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ): ಇಂಥ ನಿಜವಾದ ವ್ಯತ್ಯಾಸಕ್ಕೆ ಜಾಗ ಕೊಟ್ಟೆ. ಉಳಿದದ್ದಕ್ಕೆ ಕಾರಣ ಕೇಳಿದೆ. ಕೆಲವು ಕಡೆ ಕಾರಣವೇ ಇರಲಿಲ್ಲ. ಯಾವತ್ತೋ ಡಿವಿಆರ್ ನೋಡಲು ತೆರೆದ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಒಳಗಿನ ಸಾಧನಕ್ಕೆ ಬರುವ ದಾರಿ) ಇಂಟರ್ನೆಟ್ ಕಡೆಗೆ ಹಾಗೇ ತೆರೆದಿತ್ತು. ಅವನ್ನೆಲ್ಲ ಮುಚ್ಚಿದೆ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಬೆಲೆಬಾಳುವುದು ಅನಿಸಿದ್ದು ಇದೇ.

ಹೊಸಬರು ಒಂದು ವಿಷಯ ಗಮನಿಸಿ. ಸಿಸ್ಕೋ ರೂಟರ್‌ಗೆ ಸೆಟ್ಟಿಂಗ್ ಕಳಿಸುವ ಆನ್ಸಿಬಲ್‌ನ 'ಐಒಎಸ್ ಕಾನ್ಫಿಗ್' ಮಾಡ್ಯೂಲ್, ರೂಟರ್‌ನಲ್ಲಿ ಇಲ್ಲದ ಸಾಲನ್ನು ಸೇರಿಸುತ್ತದೆ, ಬೇಡದ ಹಳೇ ಸಾಲನ್ನು ತಾನಾಗಿ ತೆಗೆಯುವುದಿಲ್ಲ. ಹೊಸ ಎನ್‌ಟಿಪಿ (ಗಡಿಯಾರ ಹೊಂದಿಸುವ) ಸರ್ವರ್ ಹಾಕಿದರೂ ಹಳೆಯದು ಪಕ್ಕದಲ್ಲೇ ಕೂತಿರುತ್ತದೆ. ಅದನ್ನು ತೆಗೆಯುವ 'ನೋ' ಸಾಲನ್ನು ನಾವೇ ಬರೆಯಬೇಕು.

ಹೊಸ ಟೆಂಪ್ಲೇಟ್ ಕಳಿಸುವಾಗ ಮೊದಲು ಚೆಕ್ ಮೋಡ್‌ನಲ್ಲಿ (ಏನನ್ನೂ ಬದಲಿಸದೆ ತೋರಿಸುವ ಪರೀಕ್ಷೆ) ಓಡಿಸಿ ಏನು ಬದಲಾಗುತ್ತದೆ ಎಂದು ಓದುತ್ತೇನೆ. ಆಮೇಲೆ ಬೈಕ್‌ನಲ್ಲಿ ಹೋಗಿ ಬರಬಹುದಾದ ಒಂದು ಬ್ರಾಂಚ್. ರೂಟರ್‌ನಲ್ಲಿ 'ರಿಲೋಡ್ ಇನ್ 10' ಕೊಟ್ಟು ಬದಲಾವಣೆ ಕಳಿಸುತ್ತೇನೆ, ಸೇವ್ ಮಾಡುವುದಿಲ್ಲ. ಸಂಪರ್ಕ ಕಡಿದರೆ 10 ನಿಮಿಷಕ್ಕೆ ರೂಟರ್ ರೀಸ್ಟಾರ್ಟ್ ಆಗಿ ಹಳೇ ಸೆಟ್ಟಿಂಗ್‌ನಲ್ಲೇ ಏಳುತ್ತದೆ. ಎಲ್ಲ ಸರಿಯಿದ್ದರೆ 'ರಿಲೋಡ್ ಕ್ಯಾನ್ಸಲ್', ಆಮೇಲೆ ಸೇವ್. ಅಲ್ಲಿ ಒಂದು ದಿನ ತೊಂದರೆ ಇಲ್ಲದೆ ನಡೆದರೆ ಮಾತ್ರ ಉಳಿದ ಬ್ರಾಂಚ್‌ಗಳಿಗೆ ಕಳಿಸುತ್ತೇನೆ.

ಈಗ ಪ್ರತಿ ಸೋಮವಾರ ಬೆಳಿಗ್ಗೆ ಚೆಕ್ ಮೋಡ್ ಎಲ್ಲ ಬ್ರಾಂಚ್‌ಗಳ ಮೇಲೂ ಓಡುತ್ತದೆ. ಟೆಂಪ್ಲೇಟ್‌ನ ಯಾವುದಾದರೂ ಸಾಲು ರೂಟರ್‌ನಲ್ಲಿ ಕಾಣೆಯಾಗಿದ್ದರೆ ಅವತ್ತೇ ಆ ಬ್ರಾಂಚ್‌ಗೆ ಫೋನ್ ಮಾಡಿ ಕೇಳುತ್ತೇನೆ.