ಎರಡು ಟ್ರೇಲರ್ ಕಬ್ಬಿಗೆ ಯಾವ ಎಂಜಿನ್? ನನ್ನ ಅನುಭವ

ನಮ್ಮ ಹೊಲ ಇರುವುದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭಾ ನದಿಯ ದಂಡೆಗೆ. ಕರಿ ಎರೆ ಮಣ್ಣು, ಊರ ತುಂಬಾ ಕಬ್ಬು. ಕಾರ್ಖಾನೆ 24 ಕಿಲೋಮೀಟರ್ ದೂರ. ದೀಪಾವಳಿ ಹೊತ್ತಿಗೆ ಸೀಜನ್ ಶುರುವಾದರೆ ಮುಂದಿನ ನಾಲ್ಕೈದು ತಿಂಗಳು ನಮ್ಮ ಟ್ರ್ಯಾಕ್ಟರ್ ರಸ್ತೆ ಮೇಲೇ ಇರುತ್ತದೆ. ಮನೆಯ ಕಬ್ಬು ಮುಗಿದ ಮೇಲೆ ಊರವರ ಕಬ್ಬನ್ನೂ ಹೊಡೆಯುತ್ತೇವೆ. ನಮ್ಮ ಕಡೆ ಟ್ರ್ಯಾಕ್ಟರ್‌ಗೆ ಎಂಜಿನ್ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಮೊದಲು ನಮ್ಮಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಎಂಜಿನ್, 39 ಎಚ್‌ಪಿ. ಒಂದು ಟ್ರೇಲರ್ ಇದ್ದಾಗ ಒಂದು ದಿನವೂ ಕೈಕೊಡಲಿಲ್ಲ. ಆಮೇಲೆ ಇನ್ನೊಂದು ಟ್ರೇಲರ್ ತಂದೆವು. ಒಂದೇ ಖೇಪಿಗೆ ಎರಡು ಹೋದರೆ ಡೀಸೆಲ್ ಉಳಿಯುತ್ತದೆ, ಡ್ರೈವರ್ ಪಗಾರವೂ ಉಳಿಯುತ್ತದೆ ಅಂತ ಲೆಕ್ಕ ಹಾಕಿದ್ದೆ. ಜಗ್ಗುವುದನ್ನೇನೋ ಅದು ಜಗ್ಗಿತು. ಎರಡೂ ಟ್ರೇಲರ್ ತುಂಬಿಕೊಂಡು ಮೊದಲ ಗೇರಿನಲ್ಲಿ ಏರು ಹತ್ತಿದಾಗ ನನಗೆ ಖುಷಿಯೇ ಆಗಿತ್ತು.

ದಾರಿಯಲ್ಲಿ ಒಂದು ಹಳ್ಳ ಇದೆ. ಆ ಕಡೆ ಈ ಕಡೆ ಇಳಿಜಾರು, ನಡುವೆ ಸಣ್ಣ ಸೇತುವೆ. ಒಂದು ರಾತ್ರಿ ಆ ಇಳಿಜಾರಿನಲ್ಲಿ ಡೀಸೆಲ್ ಉಳಿಸೋಣ ಅಂತ ನ್ಯೂಟ್ರಲ್ ಮಾಡಿದೆ. ಅರ್ಧ ಇಳಿಯುವುದರೊಳಗೆ ಹಿಂದಿನಿಂದ ಯಾರೋ ಕೈ ಹಚ್ಚಿ ನೂಕಿದಂತೆ ಆಯಿತು. ಬ್ರೇಕ್ ಒತ್ತಿದೆ. ಹಿಂದಿನ ಗಾಲಿ ಎರಡೂ ಬಿಗಿಯಾಗಿ ನಿಂತವು, ಆದರೆ ಎಂಜಿನ್ ನಿಲ್ಲಲಿಲ್ಲ. ನಿಂತ ಗಾಲಿ ಮೇಲೆಯೇ ಡಾಂಬರಿನ ಮೇಲೆ ಜಾರುತ್ತಾ ಹೋಯಿತು. ಮುಂದಿನ ಟ್ರೇಲರ್ ಬಲಕ್ಕೆ ಹೊರಳಿ ಎಂಜಿನ್ನನ್ನು ಅಡ್ಡ ತಿರುಗಿಸಿತು. ರಸ್ತೆ ಪಕ್ಕದ ಜಾಲಿ ಕಂಟಿಯಲ್ಲಿ ಹೋಗಿ ನಿಂತೆವು. ಎದುರಿಗೆ ಯಾರೂ ಬರಲಿಲ್ಲ, ಅದು ದೇವರ ದಯೆ. ಟ್ರೇಲರ್ ಕಟ್ಟುವ ಹುಕ್ಕು ಬಾಗಿತ್ತು, ಒಂದು ಟ್ರೇಲರಿನ ಕಬ್ಬೆಲ್ಲಾ ರಸ್ತೆ ಮೇಲೆ ಬಿದ್ದಿತ್ತು.

ಮರುದಿನ ನಮ್ಮ ಕಾಕಾ ಬಂದು ಜಾಗ ನೋಡಿದರು. ಅವರು ಇಪ್ಪತ್ತು ಸೀಜನ್‌ಗಿಂತ ಜಾಸ್ತಿ ಕಬ್ಬು ಹೊಡೆದವರು. ಡಾಂಬರಿನ ಮೇಲಿನ ಕರಿ ಗೆರೆಗಳನ್ನು ಹೆಜ್ಜೆ ಹಾಕಿ ಅಳೆದರು. "ತಮ್ಮಾ, ಜಗ್ಗೂದು ಎಲ್ಲಾ ಎಂಜಿನ್ ಜಗ್ತಾವು. ನಿಂದ್ರಸ್ತತೇನು ಅಂತ ನೋಡಿ ತಗೋಬೇಕು" ಅಂದರು.

ಹೊಸದು ಕೊಳ್ಳುವಾಗ ನಾನು ಈ ಮಾತು ಹಿಡಿದುಕೊಂಡೇ ಹೊರಟೆ. ಮೊದಲು ಕಾಗದದ ಮೇಲೆ ತೂಕ ಬರೆದೆ. ಖಾಲಿ ಟ್ರೇಲರ್ ಎರಡೂ ಸೇರಿ ಸುಮಾರು 4 ಟನ್. ಕಾರ್ಖಾನೆಯ ಕಾಟಾ ಚೀಟಿ ತೆಗೆದು ನೋಡಿದರೆ ಕಬ್ಬು 16 ಟನ್ ಆಸುಪಾಸು. ಅಂದರೆ ಹಿಂದೆ 20 ಟನ್. ಎಂಜಿನ್ ತೂಕ 2 ಟನ್ನೂ ಇಲ್ಲ. ನಮ್ಮ ಕಡೆಯ ಬಹುತೇಕ ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ. ಆ 20 ಟನ್ನನ್ನು ಹಿಡಿದು ನಿಲ್ಲಿಸಬೇಕಾದದ್ದು ಎಂಜಿನ್ನಿನ ಎರಡು ಹಿಂದಿನ ಗಾಲಿ ಮಾತ್ರ. ನೂರು ಅಡಿಗೆ ಐದು ಅಡಿ ಇಳಿಯುವ ರಸ್ತೆಯಲ್ಲಿ 20 ಟನ್ ಭಾರ ಒಂದು ಟನ್ ಜೋರಿನಿಂದ ಮುಂದಕ್ಕೆ ನೂಕುತ್ತದೆ. ಏರು ಹತ್ತುವಾಗ ಅದೇ ಒಂದು ಟನ್ ಹಿಂದಕ್ಕೆ ಜಗ್ಗುತ್ತದೆ. ಇದನ್ನು ಬರೆದು ನೋಡಿದ ಮೇಲೆ, ಆ ರಾತ್ರಿ ಬ್ರೇಕ್ ಯಾಕೆ ಸಾಲಲಿಲ್ಲ ಅನ್ನುವುದು ನನಗೆ ಸರಿಯಾಗಿ ಗೊತ್ತಾಯಿತು.

ಹೀಗಾಗಿ ಎಚ್‌ಪಿಗಿಂತ ಮೊದಲು ನಾನು ಕೇಳಿದ್ದು ಎಂಜಿನ್ ತೂಕ. 45ರಿಂದ 55 ಎಚ್‌ಪಿ ಒಳಗಿನ ಎಂಜಿನ್‌ಗಳು ನೋಡಲು ಒಂದೇ ತರ ಇದ್ದರೂ ತೂಕದಲ್ಲಿ 200–300 ಕೆಜಿ ವ್ಯತ್ಯಾಸ ಇರುತ್ತದೆ. ಭಾರ ಇದ್ದದ್ದು ರಸ್ತೆಯನ್ನು ಗಟ್ಟಿ ಹಿಡಿಯುತ್ತದೆ. ಊರಲ್ಲಿ ಒಬ್ಬರು ಜಾನ್ ಡಿಯರ್ ಅಂದರು, ಒಬ್ಬರು ಅರ್ಜುನ್ ಅಂದರು, ಇನ್ನೊಬ್ಬರು ಸ್ವರಾಜ್ ಬಿಟ್ಟು ಬೇರೆ ನೋಡಲೇಬೇಡ ಅಂದರು. ಜಾತ್ರೆಯ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆಯಲ್ಲಿ ಯಾವುದು ಗೆದ್ದಿತು ಅಂತ ನೋಡಿ ಎಂಜಿನ್ ಕೊಂಡವರನ್ನೂ ನಾನು ಬಲ್ಲೆ. ಆ ಸ್ಪರ್ಧೆ ನೋಡಲು ನನಗೂ ಇಷ್ಟ. ಆದರೆ ಅಲ್ಲಿ ಇಳಿಜಾರು ಇರುವುದಿಲ್ಲ, ರಾತ್ರಿ ಎದುರಿಗೆ ಬಸ್ಸು ಬರುವುದಿಲ್ಲ.

ಎಣ್ಣೆಯಲ್ಲಿ ಮುಳುಗಿರುವ ಮಾದರಿಯ ಬ್ರೇಕೇ ಬೇಕು ಅಂತ ಗಟ್ಟಿ ಮಾಡಿಕೊಂಡೆ. ಹಳೆಯ ಒಣ ಬ್ರೇಕಿಗೆ ಕೆಸರು, ದೂಳು ಹೊಕ್ಕರೆ ಒಂದು ಗಾಲಿ ಹಿಡಿಯುತ್ತದೆ, ಇನ್ನೊಂದು ಹಿಡಿಯುವುದಿಲ್ಲ. ಇನ್ನೊಂದು ಮಾತು. ಎಂಜಿನ್‌ಗೆ ಎಡಗಡೆಯ ಹಿಂದಿನ ಗಾಲಿಗೊಂದು, ಬಲಗಡೆಯ ಹಿಂದಿನ ಗಾಲಿಗೊಂದು ಬ್ರೇಕ್ ಪೆಡಲ್ ಇರುತ್ತವೆ. ಹೊಲದಲ್ಲಿ ಹೊರಳಿಸಲು ಬಿಡಿಬಿಡಿಯಾಗಿ ಬೇಕು. ರಸ್ತೆಗೆ ಬಂದ ಕೂಡಲೇ ಎರಡನ್ನೂ ಕೂಡಿಸುವ ಪಟ್ಟಿ ಹಾಕಲೇಬೇಕು. ಹಾಕದೆ ಅವಸರದಲ್ಲಿ ಒಂದನ್ನೇ ಒತ್ತಿದರೆ ಎಂಜಿನ್ ಗಿರ್ರನೆ ಒಂದು ಕಡೆ ತಿರುಗುತ್ತದೆ. ಶೋರೂಮಿನಲ್ಲಿ ಆ ಪಟ್ಟಿಯನ್ನು ಕಾಲಿನಿಂದಲೇ ಹಾಕಿ ತೆಗೆದು ನೋಡಿದೆ. ಕೆಲವು ಎಂಜಿನ್ನಿನಲ್ಲಿ ಬಗ್ಗಿ ಕೈಯಿಂದ ಹಾಕಬೇಕು. ಅಂಥದ್ದನ್ನು ದಣಿದ ಡ್ರೈವರ್ ಹಾಕುವುದೇ ಇಲ್ಲ.

ನಾಲ್ಕೂ ಗಾಲಿ ಎಳೆಯುವ ಎಂಜಿನ್ ಬೇಕೋ ಬೇಡವೋ ಅಂತ ತಿಂಗಳುಗಟ್ಟಲೆ ಯೋಚನೆ ಮಾಡಿದೆ. ರೊಕ್ಕ ಜಾಸ್ತಿ. ಕೊನೆಗೆ ಅದನ್ನೇ ಕೊಂಡೆ, ಎರಡು ಕಾರಣಕ್ಕೆ. ನಮ್ಮ ಎರೆ ಹೊಲಕ್ಕೆ ಹಿಂದಿನ ವಾರ ನೀರು ಹಾಯಿಸಿದ್ದರೂ ಸಾಕು, ತುಂಬಿದ ಟ್ರೇಲರ್ ಅಚ್ಚಿನವರೆಗೆ ಹೂತು ಕೂಡುತ್ತದೆ. ಮುಂದಿನ ಗಾಲಿಯೂ ಎಳೆದರೆ ಜೆಸಿಬಿ ಕರೆಯುವ ಖರ್ಚು ತಪ್ಪುತ್ತದೆ. ಎರಡನೆಯದು ಇಳಿಜಾರು. ನಾಲ್ಕೂ ಗಾಲಿ ಕೂಡಿಸುವ ಲಿವರ್ ಹಾಕಿದರೆ ಬ್ರೇಕ್ ಒತ್ತಿದಾಗ ಮುಂದಿನ ಗಾಲಿಗಳೂ ಹಿಡಿತಕ್ಕೆ ಬರುತ್ತವೆ. ಒಣ ಡಾಂಬರಿನ ಮೇಲೆ ಅದನ್ನು ಸುಮ್ನೆ ಹಾಕಿಕೊಂಡೇ ಓಡಾಡಬಾರದು, ಟೈರ್ ಸವೆಯುತ್ತದೆ. ಹಳ್ಳ ಬಂದಾಗ ಹಾಕುತ್ತೇನೆ, ದಾಟಿದ ಮೇಲೆ ತೆಗೆಯುತ್ತೇನೆ.

ಕೊಳ್ಳುವ ಮೊದಲು ನಮ್ಮದೇ ಟ್ರೇಲರ್ ಕಟ್ಟಿ, ನಮ್ಮದೇ ದಾರಿಯಲ್ಲಿ ನೋಡುತ್ತೇನೆ ಅಂತ ಹೇಳಿದೆ. ಒಂದು ಶೋರೂಮಿನವರು ಖಾಲಿ ಎಂಜಿನ್ ಓಡಿಸಿ ನೋಡಿದರೆ ಸಾಕು ಅಂದರು. ನಾನು ಎದ್ದು ಬಂದೆ. ಇನ್ನೊಬ್ಬರು ಡೆಮೊ ಎಂಜಿನ್ ಊರಿಗೇ ಕಳಿಸಿದರು.

ಅವತ್ತು ಮೊದಲು ಒಂದೇ ಟ್ರೇಲರ್ ತುಂಬಿ ಹೊಲದಿಂದ ಹೊರಗೆ ತಂದೆವು. ಹೊಲದಿಂದ ರಸ್ತೆಗೆ ಹತ್ತುವ ಕಡೆ ಎರಡಾಳು ಉದ್ದದ ಚೂಪು ಏರು ಇದೆ. ಅಲ್ಲಿ ಕಾಕಾ ನೆಲಕ್ಕೆ ಕುಂತು ಮುಂದಿನ ಗಾಲಿಯನ್ನೇ ನೋಡುತ್ತಿದ್ದರು. ನಾನು ಕ್ಲಚ್ ಬಿಟ್ಟೆ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾಯಿತು. "ಎತ್ತಾಕತ್ತೇತಿ, ನಿಂದ್ರಸು!" ಅಂತ ಕಾಕಾ ಕೂಗಿದರು. ಗಾಲಿ ಮಣ್ಣು ಬಿಟ್ಟು ಎರಡು ಬೆರಳಿನಷ್ಟು ಎದ್ದಿತ್ತು. ಟೈರಿನ ಹಲ್ಲಿನಿಂದ ಮಣ್ಣಿನ ಹೆಂಟೆ ಕಳಚಿ ಕೆಳಗೆ ಬೀಳುತ್ತಿತ್ತು. ಇಳಿದು ನೋಡಿದರೆ, ನಮ್ಮ ಹುಡುಗ ಹುಕ್ಕನ್ನು ಮೇಲಿನ ತೂತಿಗೆ ಹಾಕಿದ್ದ. ಕಟ್ಟುವ ಜಾಗ ಎತ್ತರಕ್ಕೆ ಹೋದಷ್ಟೂ ಎಂಜಿನ್ ಹಿಂದಕ್ಕೆ ಮಗಚುವ ಭಯ ಜಾಸ್ತಿ. ಕೆಳಗಿನ ತೂತಿಗೆ ಹಾಕಿ, ಮುಂದೆ ಕಬ್ಬಿಣದ ತೂಕದ ಬಿಲ್ಲೆ ಜೋಡಿಸಿದೆವು. ಮತ್ತೆ ಹತ್ತಿಸಿದಾಗ ಗಾಲಿ ಮಣ್ಣು ಬಿಡಲಿಲ್ಲ.

ಕಬ್ಬು ತುಂಬುವ ರೀತಿಯೂ ಇದಕ್ಕೆ ಸೇರಿದ್ದೇ. ನಮ್ಮ ಮುಂದಿನ ಟ್ರೇಲರ್ ಎರಡು ಗಾಲಿಯದು. ಅದರಲ್ಲಿ ಭಾರ ಅಚ್ಚಿಗಿಂತ ಸ್ವಲ್ಪ ಮುಂದೆ ಇರಬೇಕು. ಆಗ ಹುಕ್ಕಿನ ಮೇಲೆ ಒಂದಿಷ್ಟು ಭಾರ ಬಿದ್ದು ಎಂಜಿನ್ನಿನ ಹಿಂದಿನ ಗಾಲಿ ನೆಲ ಕಚ್ಚುತ್ತದೆ. ಕಬ್ಬು ಕಡಿದು ತುಂಬುವ ಗ್ಯಾಂಗಿನವರು ಅವಸರದಲ್ಲಿ ಹಿಂದೆ ಜಾಸ್ತಿ ಹೇರಿದರೆ ಹುಕ್ಕನ್ನು ಮೇಲಕ್ಕೆ ಎತ್ತಿದಂತಾಗಿ ಗಾಲಿ ಹಗುರಾಗುತ್ತದೆ, ಟ್ರೇಲರ್ ಬಾಲ ಆಡಿಸುತ್ತದೆ. ನಾಲ್ಕು ಗಾಲಿಯ ಟ್ರೇಲರಿನಲ್ಲಿ ಹುಕ್ಕಿನ ಮೇಲೆ ಆ ಭಾರ ಬರುವುದಿಲ್ಲ. ಅದಕ್ಕೇ ಅದನ್ನು ಹಿಂದೆ ಕಟ್ಟುತ್ತೇವೆ.

ಆಮೇಲೆ ರಸ್ತೆಗೆ ಬಂದು ಎರಡನ್ನೂ ಜೋಡಿಸಿ ಹಳ್ಳದ ಕಡೆ ಹೊರಟೆವು. ಏರಿನ ನಡುವೆ ಬೇಕಂತಲೇ ನಿಲ್ಲಿಸಿ ಮತ್ತೆ ಹೊರಡಿಸಿದೆ. ಎಂಜಿನ್ ಸುತ್ತು ಇಳಿಯಿತು, ಆದರೆ ಒಂದು ಮಟ್ಟಕ್ಕೆ ಬಂದು ಅಲ್ಲೇ ಗಟ್ಟಿಯಾಗಿ ನಿಂತು ಎಳೆಯಿತು. ನನಗೆ ಬೇಕಾದದ್ದು ಅದೇ. ಇಳಿಜಾರಿನ ತಲೆಯಲ್ಲಿಯೇ ಸಣ್ಣ ಗೇರ್ ಹಾಕಿದೆ. ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು, ಕ್ಲಚ್ ಮುಟ್ಟಬಾರದು. ಎಂಜಿನ್ನೇ ಹಿಡಿದುಕೊಂಡು ಇಳಿಸಿತು. ಬ್ರೇಕನ್ನು ಎರಡೇ ಸಲ ಮುಟ್ಟಿದೆ. ಹಳೆಯ ಜಾಲಿ ಕಂಟಿ ಪಕ್ಕದಲ್ಲೇ ಹಾದು ಹೋದಾಗ ಕೈ ಬೆವರಿತ್ತು.

ಕ್ಲಚ್ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಕಾರ್ಖಾನೆ ಯಾರ್ಡಿನ ಸರದಿಯಲ್ಲಿ ಒಂದು ರಾತ್ರಿ, ಕೆಲವೊಮ್ಮೆ ಎರಡು ರಾತ್ರಿ ನಿಲ್ಲಬೇಕು. ಸಾಲು ಹತ್ತು ಹತ್ತು ಅಡಿ ಸರಿಯುತ್ತದೆ. ಪ್ರತಿ ಸಲವೂ 20 ಟನ್ ಅಲುಗಿಸಬೇಕು. ಪೆಡಲ್ ಬಿರುಸಾಗಿದ್ದರೆ ಬೆಳಗಿನ ಹೊತ್ತಿಗೆ ಎಡ ಮೊಣಕಾಲು ಹಿಡಿದುಕೊಳ್ಳುತ್ತದೆ, ಗೇರ್ ಸಣ್ಣದಿಲ್ಲದಿದ್ದರೆ ಪ್ಲೇಟ್ ಸುಡುತ್ತದೆ. ತೀರ ನಿಧಾನ ಹೋಗುವ ಒಂದು ಗೇರ್, ಪವರ್ ಸ್ಟೇರಿಂಗ್ ಎರಡೂ ಇರಬೇಕು, ಇಲ್ಲದ ಎಂಜಿನ್ ಈ ಕೆಲಸಕ್ಕೆ ಬೇಡ.

ಉಳಿದದ್ದು ಸಣ್ಣ ಮಾತು. ಹಿಂದಿನ ಟೈರ್ ಅಗಲದ್ದು, 14.9-28 ತೆಗೆದುಕೊಂಡೆ, ಹಳೆಯದು 13.6 ಇತ್ತು. ಮುಧೋಳದಲ್ಲಿ ಬಿಡಿಭಾಗ ಸಿಗುತ್ತವೆಯೇ, ರಾತ್ರಿ ಕರೆದರೆ ಬರುವ ಮೇಸ್ತ್ರಿ ಇದ್ದಾನೆಯೇ ಅಂತ ವಿಚಾರಿಸಿದೆ. ಎರಡೂ ಟ್ರೇಲರಿನ ಹಿಂದೆ, ಬದಿಗೆ ರಿಫ್ಲೆಕ್ಟರ್ ಅಂಟಿಸಿದೆ. ತುಂಬುವಾಗ ಕಬ್ಬಿನ ಸೋಗೆ ಜೋತು ಬಿದ್ದು ಅದನ್ನು ಮುಚ್ಚುತ್ತದೆ. ಹೊರಡುವ ಮೊದಲು ಕುಡುಗೋಲಿನಿಂದ ಸವರಿ, ಅರಿವೆಯಿಂದ ಒರೆಸುತ್ತೇನೆ. ರಾತ್ರಿ ಕೆಟ್ಟು ನಿಂತ ಟ್ರೇಲರಿಗೆ ಹಿಂದಿನಿಂದ ಬಂದು ಗುದ್ದಿದ ಬೈಕ್ ಸವಾರರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೋದ ವರ್ಷ ಪಕ್ಕದೂರಿನ ನಮ್ಮ ಬೀಗರೊಬ್ಬರು ಬಂದು, "ಅಣ್ಣಾರ, ನೀವು ತಗೊಂಡಿದ್ದ ಎಂಜಿನ್ನ ನಾನೂ ತಗೋತೇನ್ರಿ" ಅಂದರು. ಸಾಲದ ಕಾಗದವೆಲ್ಲಾ ತಯಾರಿತ್ತು. ಅವರ ಬೈಕ್ ಹತ್ತಿ ಅವರ ದಾರಿ ನೋಡಲು ಹೋದೆ. ಹೊಲ ರಸ್ತೆ ಪಕ್ಕಕ್ಕೇ ಇದೆ, ಎರೆಯಂತೆ ಹೂಳದ ಮಸಾರಿ ಮಣ್ಣು. ಕಾರ್ಖಾನೆ 6 ಕಿಲೋಮೀಟರ್, ದಾರಿಯಲ್ಲಿ ಒಂದೂ ಇಳಿಜಾರಿಲ್ಲ. ಅವರ ಹಳೆಯ 45 ಎಚ್‌ಪಿ ಎಂಜಿನ್ ಚೆನ್ನಾಗಿಯೇ ಇತ್ತು, ಹಿಂದಿನ ಟೈರ್ ಮಾತ್ರ ಬೋಳಾಗಿದ್ದವು. ಎರಡು ಹೊಸ ಟೈರ್ ಹಾಕಿಸಿ, ಬ್ರೇಕ್ ಬಿಚ್ಚಿ ನೋಡಿಸಿ, ಒಂದೇ ಟ್ರೇಲರ್ ಕಟ್ಟಿ ಖೇಪು ಜಾಸ್ತಿ ಹೊಡೆಯಿರಿ ಅಂದೆ. ಅವರು ಹಾಗೇ ಮಾಡಿದರು. ಈ ಸೀಜನ್ನೂ ಅದೇ ಎಂಜಿನ್ ಓಡುತ್ತಿದೆ.