ಸೊನ್ನೆ ಎಂದು ಬರೆದ ವರದಿ

ಮೂತ್ರರೋಗ ತಜ್ಞನಾಗಿ ಮಂಡ್ಯದಲ್ಲಿ ಕೆಲಸ ಶುರುಮಾಡಿದ ದಿನಗಳಲ್ಲಿ, ಮಕ್ಕಳಾಗಿಲ್ಲವೆಂದು ಬರುತ್ತಿದ್ದ ದಂಪತಿಗಳ ಫೈಲಿನಲ್ಲಿ ಹೆಂಡತಿಯದೇ ಸ್ಕ್ಯಾನು, ಹೆಂಡತಿಯದೇ ರಕ್ತಪರೀಕ್ಷೆ ತುಂಬಿರುತ್ತಿದ್ದವು. ಗಂಡನದೆಂದರೆ ಕೊನೆಯಲ್ಲಿ ಪಿನ್ನು ಹೊಡೆದ ಒಂದೇ ಹಾಳೆ. ಅದರಲ್ಲಿ ವೀರ್ಯಾಣು ಸಂಖ್ಯೆಯ ಮುಂದೆ ಸೊನ್ನೆ ಇದ್ದರೆ ನಾನು ಸೀದಾ ವೃಷಣದ ಬಯಾಪ್ಸಿಯ, ಎಂದರೆ ಚೂರು ತೆಗೆದು ಪರೀಕ್ಷಿಸುವ, ಮಾತೆತ್ತುತ್ತಿದ್ದೆ.

ಆ ಅಭ್ಯಾಸ ಬಿಡಿಸಿದವರು ಮದ್ದೂರಿನ ಕಡೆಯ ಆಲೆಮನೆಯವರೊಬ್ಬರು. ಬಯಾಪ್ಸಿಗೆಂದು ಅವರನ್ನು ಮೇಜಿನ ಮೇಲೆ ಮಲಗಿಸಿ, ಅರಿವಳಿಕೆ ಕೊಟ್ಟಾದ ಮೇಲೆ ವೃಷಣಚೀಲವನ್ನು ಮುಟ್ಟಿ ನೋಡಿದೆ. ಬೆರಳುಗಳ ನಡುವೆ ಬಿಗಿ ಹುರಿಯಂತೆ ಜಾರಬೇಕಾದ, ವೃಷಣದಿಂದ ವೀರ್ಯಾಣು ಸಾಗಿಸುವ ವೀರ್ಯನಾಳ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ; ಹುಟ್ಟಿನಿಂದಲೇ ಇಲ್ಲದ್ದು. ಚಾಕು ಕೆಳಗಿಟ್ಟೆ. ಆಮೇಲೆ ವರದಿಯನ್ನು ಮತ್ತೆ ಓದಿದಾಗ, ಸೊನ್ನೆಗಿಂತ ಮೇಲಿನ ಸಾಲುಗಳಲ್ಲೇ ಉತ್ತರವಿತ್ತು: ಪ್ರಮಾಣ 0.8 ಮಿಲಿಲೀಟರ್, ಪಿಎಚ್ 6.4. ವೀರ್ಯನಾಳದ ಜೊತೆಗೇ ಬೆಳೆಯಬೇಕಾದ ವೀರ್ಯಕೋಶವೆಂಬ ಗ್ರಂಥಿಯ ಕ್ಷಾರೀಯ ದ್ರವ ಬೆರೆಯದಿದ್ದಾಗ ಮಾದರಿ ಹೀಗೆ ಕಡಿಮೆಯೂ ಆಮ್ಲೀಯವೂ ಆಗುತ್ತದೆ. ಮೊದಲ ದಿನವೇ ಎರಡು ನಿಮಿಷ ಕೈಯಿಟ್ಟು ನೋಡಿದ್ದರೆ ಅವರಿಗೆ ಬೆನ್ನಿನ ಸೂಜಿ ತಪ್ಪುತ್ತಿತ್ತು.

ಅಮೆರಿಕದ ಯುರಾಲಜಿ ಸಂಘದ 2020ರ ಮಾರ್ಗಸೂಚಿ ಹೇಳುವುದೂ ಇದನ್ನೇ: ವೀರ್ಯಾಣುಗಳಿಲ್ಲದ ಗಂಡಸಿನಲ್ಲಿ ದಾರಿ ಕಟ್ಟಿದೆಯೋ, ಉತ್ಪಾದನೆಯೇ ನಿಂತಿದೆಯೋ ಎಂಬುದನ್ನು ಮೊದಲು ವೀರ್ಯದ ಪ್ರಮಾಣ, ದೇಹಪರೀಕ್ಷೆ ಮತ್ತು ಎಫ್‌ಎಸ್‌ಎಚ್ (ವೀರ್ಯಾಣು ಉತ್ಪಾದನೆಗೆ ವೃಷಣವನ್ನು ಪ್ರಚೋದಿಸುವ ಪಿಟ್ಯುಟರಿ ಹಾರ್ಮೋನು) ಮಟ್ಟದಿಂದ ಬೇರ್ಪಡಿಸಬೇಕು, ಇದಕ್ಕಾಗಿ ಎಲ್ಲರಿಗೂ ಬಯಾಪ್ಸಿ ಬೇಡ. ಎಫ್‌ಎಸ್‌ಎಚ್ 7.6ಕ್ಕಿಂತ ಹೆಚ್ಚು, ವೃಷಣದ ಉದ್ದ 4.6 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಉತ್ಪಾದನೆಯ ದೋಷದ ಕಡೆಗೆ ವಾಲುತ್ತೇನೆ. ಆಗ ಕ್ರೋಮೋಸೋಮುಗಳ ಸಂಖ್ಯೆ, ರೂಪ ನೋಡುವ ಕ್ಯಾರಿಯೋಟೈಪ್ ಮತ್ತು ವೈ ಕ್ರೋಮೋಸೋಮಿನ ಪರೀಕ್ಷೆ ಬರೆಯುತ್ತೇನೆ.

ಈಗ ಸೊನ್ನೆಯನ್ನು ಒಂದೇ ಸಲಕ್ಕೆ ಒಪ್ಪುವುದಿಲ್ಲ. ಮಾದರಿ ಕೊಡುವ ಮೊದಲು ಎರಡರಿಂದ ಏಳು ದಿನ ವೀರ್ಯಸ್ಖಲನವಿಲ್ಲದೆ ಸಂಯಮವಿತ್ತೇ, ಮೊದಲ ಹನಿಗಳು ಡಬ್ಬಿಯ ಹೊರಗೆ ಬಿದ್ದವೇ ಎಂದು ಕೇಳುತ್ತೇನೆ. ಹಿಂದಿನ ಮೂರು ತಿಂಗಳಲ್ಲಿ ಜೋರು ಜ್ವರ ಬಂದಿತ್ತೇ ಎಂಬುದೂ ಬೇಕು, ಏಕೆಂದರೆ ವೀರ್ಯಾಣು ತಯಾರಾಗಲು ಸುಮಾರು 74 ದಿನ ಹಿಡಿಯುತ್ತದೆ. ಮಾದರಿಯನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳದಲ್ಲಿ ಕುಳಿತದ್ದನ್ನು ನೋಡದ ವರದಿಯಾಗಿದ್ದರೆ ಮತ್ತೆ ಮಾಡಿಸುತ್ತೇನೆ. ಪ್ರಯೋಗಾಲಯದವರಿಗೆ ನನ್ನ ಮೇಲೆ ಸಿಟ್ಟಿದೆ, ಇರಲಿ.

ಇನ್ನೊಂದು ಪ್ರಶ್ನೆಯನ್ನು ಮೈಸೂರಿನಿಂದ ಬಂದ ಜಿಮ್ ಹುಡುಗನೊಬ್ಬ ಕಲಿಸಿದ. ಹುರಿಗಟ್ಟಿದ ಮೈ, ಮೆತ್ತಗಾದ ವೃಷಣ, ಅಳತೆಗೇ ಸಿಗದಷ್ಟು ಕಡಿಮೆ ಎಫ್‌ಎಸ್‌ಎಚ್. ಹೆಂಡತಿಯನ್ನು ಹೊರಗೆ ಕೂರಿಸಿ ಕೇಳಿದಾಗಲೇ ಟೆಸ್ಟೋಸ್ಟೆರಾನ್ ಇಂಜೆಕ್ಷನ್ನಿನ ವಿಷಯ ಬಾಯಿಗೆ ಬಂದದ್ದು. ಹೊರಗಿನಿಂದ ಆ ಹಾರ್ಮೋನು ಬಂದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸುಮ್ಮನಾಗುತ್ತದೆ, ವೀರ್ಯಾಣು ಉತ್ಪಾದನೆಯೂ ನಿಲ್ಲುತ್ತದೆ. ಇಂಜೆಕ್ಷನ್ ನಿಲ್ಲಿಸಿದೆ, ಚೇತರಿಕೆಗೆ ತಿಂಗಳುಗಳೇ ಬೇಕಾದವು.

ಆಲೆಮನೆಯವರಿಗೆ ಚಿತ್ರ ಬರೆದು ವಿವರಿಸಿದಾಗ, "ಗಾಣ ಓಡ್ತಾ ಅದೆ, ಕಬ್ಬಿನ ಹಾಲು ಕೊಪ್ಪರಿಗೆಗೆ ಬರಾಕೆ ದಾರಿ ಇಲ್ಲ, ಅಷ್ಟೇ ಅಲ್ವಾ ಸಾ?" ಎಂದರು. ಅಷ್ಟೇ. ವೀರ್ಯಾಣುಗಳನ್ನು ಸೂಜಿಯಿಂದ ತೆಗೆದು ಐವಿಎಫ್‌ನಲ್ಲಿ ಬಳಸಬಹುದಿತ್ತು. ಅದಕ್ಕೂ ಮೊದಲು ಅವರ ಮೂತ್ರಪಿಂಡಗಳ ಸ್ಕ್ಯಾನ್ ಮಾಡಿಸಿದೆ, ಇಂಥ ಕೆಲವರಲ್ಲಿ ಒಂದು ಮೂತ್ರಪಿಂಡವೂ ಹುಟ್ಟಿನಿಂದ ಇರುವುದಿಲ್ಲ. ವೀರ್ಯನಾಳವಿಲ್ಲದವರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶ, ಜೀರ್ಣಾಂಗಗಳನ್ನು ಕಾಡುವ ವಂಶವಾಹಿ ರೋಗ) ಜೀನಿನ ದೋಷ ಸಾಮಾನ್ಯ. ಅದೇ ದೋಷ ಹೆಂಡತಿಯಲ್ಲೂ ಇದ್ದರೆ ಮಗುವಿಗೆ ಆ ರೋಗ ಬರಬಹುದೆಂದು ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದೆ.